ದೀಪ ಆರಿಸುವ ಹೆಸರು

"ನನ್ನ ಮಗಳ ಹೆಸರನ್ನು ಸರಿಯಾಗಿ ಹೇಳಬಲ್ಲ ಬಾಯಿ ಈ ರಾಜ್ಯದಲ್ಲಿ ಒಂದೇ ಒಂದು. ಅದು ನನ್ನದು!" ಎಂದು ಕೆಂಗೋಟೆಯ ದೊರೆ ರಣಭೂಪ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಫಾಲ್ಗುಣ ಮಾಸದಲ್ಲಿ ಹುಟ್ಟಿದ ಕೂಸು, ಅದಕ್ಕೇ ಫಾಲ್ಗುಣಿ. ಹೆಣ್ಣುಕೂಸಿಗೆ ಅದೇ ಹೆಸರಿಟ್ಟವರಿಗೆಲ್ಲ ಅರಮನೆಯಿಂದ ತೊಟ್ಟಿಲು ಉಡುಗೊರೆ ಎಂದು ದೊರೆ ಡಂಗುರ ಹೊಡೆಸಿದ್ದ. ಇನ್ನೇನು, ಓಣಿ ಓಣಿಯಲ್ಲೂ ಫಾಲ್ಗುಣಿಯರೇ! ವೈಶಾಖದ ಬಿಸಿಲಲ್ಲಿ ಹುಟ್ಟಿದ್ದೂ ಫಾಲ್ಗುಣಿ. ಒಬ್ಬ ಆಸೆಬುರುಕ ಎಮ್ಮೆಕರುವಿಗೆ ಅದೇ ಹೆಸರಿಟ್ಟು ತೊಟ್ಟಿಲು ಕೇಳಲು ಬಂದಿದ್ದ.

ಆದರೆ ಜನರ ಬಾಯಲ್ಲಿ ಅದು ಪಾಲ್ಗುಣಿ, ಪಾಲಗುಣಿ, ಪಾಲಿ. ದೊರೆಗೆ ಮೈಯೆಲ್ಲ ಉರಿ. ಅದಕ್ಕೊಂದು ಪರೀಕ್ಷೆ ಹೂಡಿದ. ಬಾಯೆದುರು ದೀಪ ಹಿಡಿದು ಹೆಸರು ಹೇಳಬೇಕು, 'ಫಾ' ಎಂದ ಉಸಿರಿಗೆ ದೀಪ ಆರಬೇಕು. ಮಂತ್ರಿ ಹೇಳಿದ. ದೀಪ ಆರಲಿಲ್ಲ, ಮೀಸೆ ಸುಟ್ಟಿತು.

ಕೊನೆಗೆ ದೊರೆಯ ಅಕ್ಕ ಚೆನ್ನಾಜಮ್ಮ ಬಂದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮರುದಿನ ತೊಟ್ಟಿಲ ಶಾಸ್ತ್ರ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ಅವಳೇ. ಮುಂದಿನ ಹಲ್ಲು ಬಿದ್ದ ಬಾಯಲ್ಲಿ ಅಕ್ಕರೆಯಿಂದ "ಪಾಲೂ" ಎಂದಳು. ದೀಪ ಅಲುಗಲೂ ಇಲ್ಲ.

"ನೀನು ತೊಟ್ಟಿಲ ಹತ್ತಿರ ಬರಬೇಡಕ್ಕಾ. ಹೆಸರು ನಾನೇ ಇಡ್ತೀನಿ" ಎಂದುಬಿಟ್ಟ ದೊರೆ.

ಚೆನ್ನಾಜಮ್ಮ ಕೂಸಿಗೆಂದು ತಾನೇ ಹೊಲಿದ ಕುಲಾವಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದಳು.

ಕಂಬಕ್ಕೆ ಒರಗಿ ನಿಂತಿದ್ದ ವಿದೂಷಕ ಕಲ್ಲೋಜ ಅವಳು ಹೋದ ದಾರಿಯನ್ನೇ ನೋಡಿದ. ಅವಳು ಕೊಟ್ಟ ಚಕ್ಕುಲಿ ತಿಂದ ಹೊಟ್ಟೆ ಅವನದು. ಮರುಗಳಿಗೆಗೆ ಅದೇ ಹೊಟ್ಟೆಯಲ್ಲಿ ಏನೋ ಹೊಳೆದು ನಗು ಗುಳುಗುಳು ಎಂದಿತು.

"ಪ್ರಭು, ಸೋದರತ್ತೆಯ ಶಾಸ್ತ್ರ ನೀವು ಮಾಡೋದಾದ್ರೆ ಪೂರ್ತಿ ಮಾಡ್ತೀರೋ, ಅರ್ಧಂಬರ್ಧವೋ?"

"ನಾನು ಅರ್ಧ ಮಾಡಿದ ಕೆಲಸ ಯಾವುದೋ? ಒಂದೂ ಬಿಡದ ಹಾಗೆ ಪೂರ್ತಿ!"

"ಅದೇ ಹೆಸರಿನ ಕೂಸುಗಳ ತಾಯಂದಿರನ್ನೂ ಕರೆಸೋಣವೇ? ಪಾಪ, ನಿಮ್ಮ ಬಾಯಿಂದ ಕೇಳಿ ಕಲಿಯಲಿ."

"ಎಲ್ಲರನ್ನೂ ಕರೆಸು!"

ತೊಟ್ಟಿಲ ಮನೆಯೊಳಗೆ ಏನು ನಡೆಯುತ್ತದೆಂದು ಗಂಡಸರಿಗೇನು ಗೊತ್ತು? ಅವರು ಹೊರಗೆ ಕೂತು ಹೋಳಿಗೆ ತಿನ್ನುವವರು. ಚಕ್ಕುಲಿಗೆಂದು ಒಳಗೆ ಇಣುಕಿದ್ದವನು ಕಲ್ಲೋಜ ಒಬ್ಬನೇ.

ಮರುದಿನ ತೊಟ್ಟಿಲ ಸುತ್ತ ಕಾಲಿಡಲು ಜಾಗವಿಲ್ಲ. ದೊರೆ ಬಗ್ಗಿ ಕೂಸಿನ ಕಿವಿಗೆ ಬಾಯಿಟ್ಟ. "ಕುರ್ರ್... ಫಾ..."

ಧಡ್!

ಬೆನ್ನ ಮೇಲೆ ಗುದ್ದು ಬಿತ್ತು. ಹಿಂದೆಯೇ ಇನ್ನೊಂದು. "ಯಾರದು!" ಎಂದು ಗರ್ಜಿಸಿದ ದೊರೆ.

"ಶಾಸ್ತ್ರ ಪ್ರಭು," ಎಂದ ಕಲ್ಲೋಜ ಬಾಗಿಲಿಂದ. "ಬಂದ ಹೆಂಗಸರೆಲ್ಲ ಹೆಸರು ಹೇಳೋ ಸೋದರತ್ತೆಯ ಬೆನ್ನಿಗೆ ಗುದ್ದಬೇಕು. ತಾಯಂದಿರೇ, ನೂಕಾಡಬೇಡಿ, ಎಲ್ಲರಿಗೂ ಸಿಗುತ್ತೆ!"

"ನಾನು ಮಡಿವಾಳರ ಪಾಲಿಯ ತಾಯಿ!" ಧಡ್. "ನಾನು ಗಾಣದವರ ಪಾಲಿಯ ತಾಯಿ!" ಧಡ್. ಮಂತ್ರಿಯ ಸೊಸೆ ಸೆರಗು ಸಿಕ್ಕಿಸಿ ಬಳೆ ಹಿಂದೆ ಸರಿಸಿದಳು.

"ಫಾ... ಫಾಲ್... ಅಯ್ಯಯ್ಯೋ, ಪಾಲಿ! ಪಾಲಿ!"

"ತಪ್ಪು ಉಚ್ಚಾರ ಪ್ರಭು! ಮೊದಲಿಂದ ಬರಲಿ!"

"ಅಕ್ಕಾ!" ದೊರೆಯ ಕೂಗಿಗೆ ಕೋಟೆ ನಡುಗಿತು. "ಎಲ್ಲಿದ್ದೀಯೇ? ಓಡಿ ಬಾರೇ!"

ಚೆನ್ನಾಜಮ್ಮ ಬಾಗಿಲ ಹಿಂದೆಯೇ ಇದ್ದಳು. ತಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೂಸಿನ ತಲೆಗೆ ಕುಲಾವಿ ಕಟ್ಟಿ, ಬಗ್ಗಿದಳು. "ಕುರ್ರ್... ಪಾಲೂ." ಅವಳ ಮುದಿ ಬೆನ್ನಿಗೆ ಹೆಂಗಸರು ಹೂವಿನಂತೆ ಕೈ ತಾಗಿಸಿದರು. ಕೂಸು ಬೊಚ್ಚುಬಾಯಿ ತೆರೆದು ನಕ್ಕಿತು. ಅತ್ತೆಯದೂ ಅಂಥದೇ ಬಾಯಿ.

"ಸರಿಯಾಗಿದೆ! ಬಹಳ ಸರಿಯಾಗಿದೆ!" ಎಂದ ದೊರೆ ಬೆನ್ನು ನೀವಿಕೊಳ್ಳುತ್ತ.

"ತೊಟ್ಟಿಲ ಬಳಿಯ ದೀಪ ಆರಲಿಲ್ಲವಲ್ಲ ಪ್ರಭು?"

"ಕೂಸಿನ ಮುಂದೆ ಯಾರಾದರೂ ದೀಪ ಆರಿಸ್ತಾರೇನೋ, ಅಪಶಕುನದವನೇ!"

"ಅಂತೂ ಗೊತ್ತಾಯ್ತು," ಎಂದ ಕಲ್ಲೋಜ. "ಶುದ್ಧ ಉಚ್ಚಾರ ನಾಲಿಗೆಯಲ್ಲಿಲ್ಲ, ಬೆನ್ನಲ್ಲಿದೆ."

ದೊರೆ ಕೆರಳಲು ನೋಡಿದ, ಆಗಲಿಲ್ಲ. ಅಕ್ಕ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅವನಿಗೂ ನಗು ಬಂತು. ನಕ್ಕರೆ ಬೆನ್ನು ನೋವು, ಬಿಟ್ಟರೆ ಹೊಟ್ಟೆ ನೋವು. ಕೊರಳ ಸರ ತೆಗೆದು ಕಲ್ಲೋಜನತ್ತ ಎಸೆದು, "ಹತ್ತಿರ ಬಾರೋ, ಬೆನ್ನು ತಟ್ಟುತ್ತೇನೆ!" ಎಂದ.

ಕಲ್ಲೋಜ ಸರ ಹಿಡಿದು ಎರಡು ಹೆಜ್ಜೆ ಹಿಂದೆ ಹಾರಿದ.

"ಈಗ ಬೇಡ ಪ್ರಭು! ಈ ತಾಯಂದಿರೆಲ್ಲ ಮನೆಗೆ ಹೋಗಲಿ. ನಿಮ್ಮನ್ನ ನೋಡಿ ಅವರೂ ಶುರು ಮಾಡಿಬಿಟ್ಟಾರು!"