ಮೆಂತ್ಯದ ಗಿಡ ಕಿಟಕಿಯ ಕಡೆಗೇ ಯಾಕೆ ಬಾಗುತ್ತದೆ

ಆಗ ಲೋಕ ಇನ್ನೂ ಹಸಿ ಮಡಕೆಯ ಹಾಗಿತ್ತು. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಮನೆಗಳಿಗೆ ಬಾಗಿಲಿತ್ತು, ಕಿಟಕಿ ಇರಲಿಲ್ಲ. ಕಿಟಕಿ ಅಂದರೆ ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಚೌಡಜ್ಜ ಅಂತ ಒಬ್ಬನಿದ್ದ. ಅವನ ಮೀಸೆ ಎಷ್ಟು ಉದ್ದ ಅಂದರೆ, ಈ ಕಂಬದಿಂದ ಆ ಕಂಬಕ್ಕೆ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಮಾತು ಮೀಸೆಗಿಂತ ಉದ್ದ. ದಿನಾ ಬೆಳಿಗ್ಗೆ ಜಗಲಿಯ ಮೇಲೆ ನಿಂತು ಕೋಲು ಎತ್ತಿ, "ಏಳೋ ಸೂರ್ಯ!" ಅನ್ನುವನು. ಸೂರ್ಯ ಏಳುವನು.

"ನೋಡಿದಿರಾ? ಈ ಕೋಲಿಂದ ನಾನು ತಿವಿಯದಿದ್ದರೆ ಅವನು ಹೊದ್ದು ಮಲಗಿಬಿಡ್ತಾನೆ," ಅಂತ ಊರಿಗೆಲ್ಲ ಹೇಳುವನು.

ಹೀಗಿರುವಾಗ ಅವನ ಮಗಳು ಕೆಂಚಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಬಾಣಂತಿ ಮೂರು ತಿಂಗಳು ಹೊಸ್ತಿಲು ದಾಟಬಾರದು, ಅವಳ ಕೋಣೆಗೆ ಗಾಳಿ ನುಗ್ಗಬಾರದು. ಇದು ಅಜ್ಜನ ಹೆಂಡತಿ ಬೋರವ್ವನ ಕಟ್ಟುನಿಟ್ಟು. ಎಲ್ಲ ಸರಿಯೇ. ಆದರೆ ಕೆಂಚಿಗೆ ಎದೆಹಾಲು ಸಾಲದು. ಮಗು ಅತ್ತು ಅತ್ತು, ಅದರ ದನಿ ಇಲಿಮರಿಯ ದನಿಯಷ್ಟಾಯಿತು.

"ಮೆಂತ್ಯ, ಸಬ್ಬಸಿಗೆ ಎಳೆಸೊಪ್ಪು ತಿಂದರೆ ಹಾಲು ಬರುತ್ತೆ," ಅಂದಳು ಬೋರವ್ವ.

ಸೊಪ್ಪೆಲ್ಲಿ? ಊರೊಳಗೆ ಹಸಿರೆಲೆ ಕಂಡರೆ ಮೇಕೆ ಬಿಡದು, ಮೇಕೆ ಬಿಟ್ಟದ್ದನ್ನು ಕೋಳಿ ಬಿಡದು. ಅದಕ್ಕೇ ಸೊಪ್ಪು ಸದೆಯೆಲ್ಲ ಏಳು ಹೊಳೆ ಆಚೆಗೆ ಓಡಿಹೋಗಿತ್ತು. ಅಲ್ಲಿಂದ ಕಿತ್ತು ತಂದರೆ ಮನೆ ಮುಟ್ಟುವಷ್ಟರಲ್ಲಿ ಒಣಹುಲ್ಲು.

"ಅಷ್ಟೇ ತಾನೇ? ಗಿಡಗಳನ್ನೇ ಮನೆಯೊಳಗೆ ಕರ್ಕೊಂಡು ಬರ್ತೀನಿ. ಚೌಡಜ್ಜ ಕರೆದರೆ ಯಾವನು ಬರಲ್ಲ ಅಂತಾನೆ?"

ಏಳು ಹೊಳೆಯನ್ನು ಅಜ್ಜ ಎರಡೇ ನೆಗೆತಕ್ಕೆ ದಾಟಿದ. ನೆಗಡಿಯಾಗಿತ್ತು, ಇಲ್ಲದಿದ್ದರೆ ಒಂದೇ ನೆಗೆತ ಸಾಕಾಗುತ್ತಿತ್ತು. ಆಚೆ ದಡದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಅಂತ ನೋಡಿದ. ಕರೆದರೆ ದೊಡ್ಡವರನ್ನೇ ಕರೀಬೇಕು, ನಾಲ್ಕು ಜನ ನೋಡಿ ಬೆರಗಾಗಬೇಕು!

ಕುಂಬಳಬಳ್ಳಿಯನ್ನು ಕರೆದದ್ದೇ ತಡ, ಬಂತು. ಮಧ್ಯಾಹ್ನಕ್ಕೆ ಒಲೆಯನ್ನು ಸುತ್ತಿತು. ಸಂಜೆಗೆ ಬೀಸುಕಲ್ಲನ್ನು ಸುತ್ತಿತು. ಮರುದಿನ ಬೆಳಿಗ್ಗೆ ಮನೆಯ ಮಾಡನ್ನೇ ಟೋಪಿಯ ಹಾಗೆ ಎತ್ತಿ ನಿಂತಿತು.

"ನಿನ್ನ ದೊಡ್ಡಸ್ತಿಕೆಗೆ ಬೆಂಕಿ ಹಾಕ! ಬಾಣಂತಿಗೆ ಸೊಪ್ಪು ತಾ ಅಂದರೆ ಆನೆ ಹಿಡ್ಕೊಂಡು ಬಂದಿದ್ದೀಯಲ್ಲೋ!" ಬೋರವ್ವ ಪೊರಕೆ ಎತ್ತಿಕೊಂಡಳು. ಕುಂಬಳಬಳ್ಳಿ ಮುನಿಸಿಕೊಂಡು ಮಾಡಿನ ಮೇಲೆ ಹತ್ತಿತು. ಇವತ್ತಿಗೂ ಅದು ಅಲ್ಲಿಂದ ಇಳಿದಿಲ್ಲ.

ಅಜ್ಜ ತಲೆ ತಗ್ಗಿಸಿಕೊಂಡು ಮತ್ತೆ ಹೊಳೆ ದಾಟಿದ. ತಲೆ ತಗ್ಗಿಸಿದ್ದರಿಂದಲೇ ಕಾಲ ಬುಡದಲ್ಲಿದ್ದ ಮೆಂತ್ಯ ಅವನಿಗೆ ಕಂಡಿತು.

"ಅಜ್ಜ, ನನ್ನನ್ನು ಕರೆಯಲ್ವಾ?"

"ನೀನಾ? ನಿನ್ನ ಹತ್ತಿರ ಮಾತಾಡೋಕೆ ನಾನು ಬಗ್ಗಬೇಕು."

"ಬಗ್ಗು, ಏನಾಯ್ತೀಗ? ನನಗೆ ಅಂಗೈಯಷ್ಟು ಮಣ್ಣು ಸಾಕು, ಒಡೆದ ಮಡಕೆಯಾದರೂ ಸರಿ."

"ನನಗೂ ಅಷ್ಟೇ," ಅಂದಿತು ಸಬ್ಬಸಿಗೆ.

"ನನಗೆ ಬೇರೂ ಬೇಡ. ಒಂದು ಕಡ್ಡಿ ಮುರ್ಕೊಂಡು ಹೋಗಿ ನೆಡು. ಮಗುವಿಗೆ ಶೀತವಾದಾಗ ಬೇಕಾಗ್ತೀನಿ," ಅಂದಿತು ದೊಡ್ಡಪತ್ರೆ.

ಕೊತ್ತಂಬರಿ ನಾಚಿಕೊಂಡು ಹೇಳಿತು: "ನನ್ನ ಒಂದು ಕಾಳಿನೊಳಗೆ ಇಬ್ಬರು ಅಪ್ಪಿಕೊಂಡು ಮಲಗಿದ್ದೀವಿ. ಬಿಡಿಸಿ ಬಿತ್ತಿದರೆ ಇಬ್ಬರೂ ಏಳ್ತೀವಿ." ಅಜ್ಜ ಚಪ್ಪಲಿಯಡಿ ಹಾಕಿ ಮೆಲ್ಲಗೆ ಉಜ್ಜಿದ. ಕಾಳು ಎರಡು ಹೋಳಾಯಿತು.

ಕೋಳಿ ಹೋಗದ ಜಾಗ ಅಂದರೆ ಬಾಣಂತಿ ಕೋಣೆ ಒಂದೇ. ಒಡೆದ ಮಡಕೆಗಳಿಗೆ ಮಣ್ಣು ತುಂಬಿ, ಅಜ್ಜ ತಂದದ್ದನ್ನೆಲ್ಲ ಬಿತ್ತಿ ನೆಟ್ಟು ಅಲ್ಲಿಟ್ಟರು. ಮೂರೇ ದಿನಕ್ಕೆ ಮೆಂತ್ಯ ಮೊಳೆಯಿತು. ಆದರೆ ಹಸಿರಿಲ್ಲ! ನೂಲಿನ ಹಾಗೆ ಉದ್ದ, ಹಾಗಲಹೂವಿನ ಹಾಗೆ ಹಳದಿ.

"ಸೂರ್ಯನಿಲ್ಲದೆ ಹಸಿರಾಗೋದು ಹೇಗಜ್ಜ?" ಮೆಂತ್ಯ ಬಾಗಿ ಬಿತ್ತು.

ಮಗು ಈಗ ಅಳುವುದನ್ನೂ ಬಿಟ್ಟಿತ್ತು. ಬರೀ ಬಾಯಿ ತೆರೆದು ಮುಚ್ಚುತ್ತಿತ್ತು. ಕೆಂಚಿ ಅಂದಳು: "ಅಪ್ಪಯ್ಯ, ದಿನಾ ಸೂರ್ಯನ್ನ ಎಬ್ಬಿಸೋನು ನೀನು. ಒಂದು ಗಳಿಗೆ ಒಳಗೆ ಕರಿ."

ಅವಳು ಗೇಲಿ ಮಾಡಲಿಲ್ಲ. ಚಿಕ್ಕಂದಿನಿಂದ ನಂಬಿಕೊಂಡಿದ್ದಳು, ಅದಕ್ಕೇ ಕೇಳಿದಳು. ಚೌಡಜ್ಜನ ಮೀಸೆ ಮೊದಲ ಸಲ ಜೋತುಬಿತ್ತು.

ಮರುದಿನ ಬೆಳಿಗ್ಗೆ ಅವನು ಕೋಲು ಎತ್ತಲಿಲ್ಲ, ನೆಲಕ್ಕಿಟ್ಟ. ಬೆಟ್ಟದ ಅಂಚಿಂದ ಸೂರ್ಯ ಇಣುಕಿದ.

"ಏನು ಚೌಡಜ್ಜ, ಇವತ್ತು ತಿವಿಯಲ್ವಾ?"

"ಸುಳ್ಳು ಹೇಳ್ತಿದ್ದೆ ಸ್ವಾಮಿ. ನನ್ನ ಕೋಲಿಗೆ ನಮ್ಮನೆ ನಾಯೀನೂ ಏಳಲ್ಲ. ಮಗು ಹಸಿದಿದೆ. ಒಳಗೆ ಬಾ."

ಸೂರ್ಯ ನಕ್ಕ ನಗುವಿಗೆ ಮೂರು ಬೆಟ್ಟ ಪಕ್ಕಕ್ಕೆ ಸರಿದವು. "ಬರೋಣ, ದಾರಿ ಎಲ್ಲಿ? ಬಾಗಿಲಲ್ಲಿ ನಿನ್ನ ಹೆಂಡತಿ ಕೂತಿದ್ದಾಳೆ. ಅವಳಂದರೆ ನನಗೂ ಭಯ."

ಅಜ್ಜ ಅದೇ ಕೋಲು ತಗೊಂಡು ಕೋಣೆಯ ಮಣ್ಣುಗೋಡೆಯನ್ನು ತಿವಿದ. ತಲೆ ತೂರುವಷ್ಟು ತೂತಾಯಿತು. ಲೋಕದ ಮೊದಲ ಕಿಟಕಿ ಅದೇ.

"ಬಾಣಂತಿ ಕೋಣೆಗೆ ಕನ್ನ ಹಾಕ್ತೀಯಾ! ಗಾಳಿ ನುಗ್ಗಿದರೆ?" ಬೋರವ್ವ ಓಡಿಬಂದಳು.

ಹೊರಗಿಂದ ಗಾಳಿ ಹೇಳಿತು: "ಮಗುವಿನ ಒಂದು ಕೂದಲೂ ಅಲುಗದ ಹಾಗೆ ಬರ್ತೀನಿ ಕಣವ್ವ, ನಿನ್ನ ಪೊರಕೆಯಾಣೆ."

ಸೂರ್ಯ ತೂತಿನೊಳಗೆ ಕೈ ಚಾಚಿ ಮೆಂತ್ಯದ ಗಲ್ಲ ಎತ್ತಿದ. "ಒಂದು ಮಾತು ಕೊಡು. ಮನೆಯೊಳಗಿದ್ದೀನಿ ಅಂತ ನನ್ನ ಕಡೆ ಬೆನ್ನು ಹಾಕಬಾರದು."

"ಹಾಕಲ್ಲ," ಅಂದಿತು ಮೆಂತ್ಯ. "ಹಾಕಲ್ಲ," ಅಂದಿತು ಸಬ್ಬಸಿಗೆ. "ಹಾಕಲ್ಲ," ಅಂದವು ಕೊತ್ತಂಬರಿ, ದೊಡ್ಡಪತ್ರೆ.

ಮಧ್ಯಾಹ್ನಕ್ಕೆ ಕೋಣೆಯೆಲ್ಲ ಹಸಿರು. ಸಂಜೆಗೆ ಬೋರವ್ವ ಎಳೆಸೊಪ್ಪು ಚಿವುಟಿ ಪಲ್ಯ ಮಾಡಿದಳು. ಕೆಂಚಿ ಎರಡು ಸಲ ಬಡಿಸಿಕೊಂಡು ತಿಂದಳು. ಮರುದಿನ ಮಗು ಕುಡಿದು ಕುಡಿದು, ಕಟವಾಯಲ್ಲಿ ಹಾಲು ಸುರಿಸಿಕೊಂಡು ನಿದ್ದೆ ಹೋಯಿತು.

ಅಜ್ಜ ಮತ್ತೆ ಜಗಲಿ ಹತ್ತಿದ. ಮೀಸೆಯೂ ಏರಿತು. "ಸೂರ್ಯನ್ನ ಎಬ್ಬಿಸೋದೇನು ಮಹಾ? ನಾನು ಅವನನ್ನು ಮನೆಯೊಳಗೇ ಕೂರಿಸಿದೋನು!" ಅವನು ಕೊಚ್ಚಿಕೊಂಡಿದ್ದರಲ್ಲಿ ಅದೊಂದೇ ನಿಜ, ಅದನ್ನು ಮಾತ್ರ ಊರಲ್ಲಿ ಯಾರೂ ನಂಬಲಿಲ್ಲ.

ನಂಬದಿದ್ದರೆ ಹೋಗಲಿ, ನೀನೇ ಹಳೇ ಡಬ್ಬಿಯೊಂದಕ್ಕೆ ಮಣ್ಣು ತುಂಬಿ, ಹಿಡಿ ಮೆಂತ್ಯ ಚೆಲ್ಲಿ ಕಿಟಕಿಯಲ್ಲಿಡು ಮಗು. ಮೊಳೆತ ಮೇಲೆ ನೀನು ಎಷ್ಟು ಸಲ ತಿರುಗಿಸಿಟ್ಟರೂ, ಮರುದಿನ ನೋಡಿದರೆ ಅದು ಅಜ್ಜನ ಮನೆಯಲ್ಲಿ ಕೊಟ್ಟ ಮಾತು ನೆನೆದು ಮತ್ತೆ ಸೂರ್ಯನ ಕಡೆಗೇ ಬಾಗಿರುತ್ತದೆ.