ಹರಿದ ಕೈಗವಸಿನ ವಾದ

ನದಿ ದಂಡೆಯ ಆ ಆಶ್ರಮದಲ್ಲಿ ದೇವರಿದ್ದಾನೋ ಇಲ್ಲವೋ ಎಂದು ಯಾರೂ ಯಾವತ್ತೂ ಜಗಳವಾಡಿದ್ದಿಲ್ಲ. ಜಗಳ ಹತ್ತಿದ್ದು ಒಂದು ಕೈಗವಸಿನ ವಿಷಯಕ್ಕೆ.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ಗೋಡೆಗೆ ಬಿಳಿ ಪಂಚೆ ಬಿಗಿದು, ಗುರು ನಿರಂಜನಯ್ಯನವರು ಶಿಷ್ಯರಿಗೆ ಸಿನಿಮಾ ಹಾಕಿಸುತ್ತಿದ್ದರು. “ಮಾಯೆ ಮಾಯೆ ಅಂತ ಎಷ್ಟು ದಿನ ಬಾಯಲ್ಲೇ ಹೇಳಲಿ?” ಎನ್ನುತ್ತಿದ್ದರು.

ಆ ಭಾನುವಾರದ್ದು, ಗಗನನೌಕೆಯಲ್ಲಿ ಒಬ್ಬಳೇ ಉಳಿದುಹೋದ ಹೆಂಗಸಿನ ಕಥೆ. ಮುಗಿದು ಕಂಬಳಿ ಸರಿಸಿದ್ದೇ ತಡ, ಪಂಕಜಾಕ್ಷಿ ಎದ್ದು ನಿಂತಳು.

“ಅನ್ಯಾಯ! ಹರಿದದ್ದು ಎಡಗೈ ಕೈಗವಸು. ಬಾಗಿಲು ದಾಟುವಷ್ಟರಲ್ಲಿ ಹರಕು ಬಲಗೈಗೆ ಬಂದಿದೆ! ನಮ್ಮನ್ನೇನು ಕುರುಡರು ಅಂದುಕೊಂಡಿದ್ದಾರಾ?”

ಮೂವತ್ತು ವರ್ಷ ಸಿನಿಮಾ ಸೆಟ್ಟುಗಳಲ್ಲಿ ಅವಳ ಕೆಲಸವೇ ಅದು. ನಾಯಕಿ ಯಾವ ಕೈಯಲ್ಲಿ ಲೋಟ ಹಿಡಿದಿದ್ದಳು, ಅದರಲ್ಲಿ ಕಾಫಿ ಎಷ್ಟಿತ್ತು, ಸೆರಗು ಯಾವ ಹೆಗಲ ಮೇಲಿತ್ತು ಎಂದು ಪುಸ್ತಕದಲ್ಲಿ ಬರೆದಿಡುವುದು. ಆ ಪುಸ್ತಕ ಹಿಡಿದು ಅವಳು ಸುತ್ತದ ಊರಿಲ್ಲ. ಪೆಟ್ಟಿಗೆಯಿಂದ ಬಟ್ಟೆ ಪೂರ್ತಿ ಹೊರಗೆ ತೆಗೆದಿಟ್ಟದ್ದು ಜೀವನದಲ್ಲಿ ಈ ಒಂದೇ ಜಾಗದಲ್ಲಿ.

“ಕೈಗವಸು ಹಾಳಾಗಲಿ,” ಎಂದರು ಹಿಂದಿನ ಸಾಲಿನಿಂದ ತಿಪ್ಪೇಸ್ವಾಮಿ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. “ಅಂತರಿಕ್ಷದಲ್ಲಿ ನೌಕೆ ಢಮಾರ್ ಅಂತ ಸಿಡೀತಲ್ಲ, ಅದನ್ನು ಕೇಳಿದಿರಾ? ಗಾಳಿಯೇ ಇಲ್ಲದ ಕಡೆ ಸದ್ದು ಎಲ್ಲಿಂದ ಬಂತು? ಆ ನಿರ್ದೇಶಕನ ತಾತನ ಮನೆಯಿಂದ?”

“ಅದು ಬೇಕಂತಲೇ ಹಾಕಿದ್ದು ಮೇಷ್ಟ್ರೇ. ಜನಕ್ಕೆ ಸದ್ದು ಬೇಕು, ಹಾಕಿದ್ದಾರೆ. ಕೈಗವಸು ಹಾಗಲ್ಲ. ನೋಡದೇ ಮಾಡಿದ್ದು. ಉಡಾಫೆ!”

“ಗೊತ್ತಿದ್ದೂ ಹೇಳಿದ ಸುಳ್ಳು ದೊಡ್ಡದೋ, ಗೊತ್ತಿಲ್ಲದೆ ಆದ ತಪ್ಪು ದೊಡ್ಡದೋ?”

“ತಪ್ಪೇ ದೊಡ್ಡದು!”

ಮರುದಿನಕ್ಕೆ ಆಶ್ರಮ ಎರಡು ಹೋಳಾಯಿತು. ಕೈಗವಸಿನವರು ಬಾವಿಕಟ್ಟೆಯ ಹತ್ತಿರ, ಸದ್ದಿನವರು ಹಸುವಿನ ಕೊಟ್ಟಿಗೆಯ ಹತ್ತಿರ. ಧ್ಯಾನಕ್ಕೆ ಕೂತವರೂ ಒಂದು ಕಣ್ಣು ತೆರೆದು ಎದುರು ಪಕ್ಷದವರನ್ನು ದುರುಗುಟ್ಟುತ್ತಿದ್ದರು.

ಮೂರನೇ ದಿನ ಊಟದ ಪಂಕ್ತಿಯಲ್ಲಿ ಮೇಷ್ಟ್ರು ನಕ್ಕುಬಿಟ್ಟರು. “ಪಂಕಜಮ್ಮ, ಮೂವತ್ತು ವರ್ಷ ಲೋಟದೊಳಗಿನ ಕಾಫಿ ಅಳೆದವರಿಗೆ ಆಕಾಶದ ವಿಚಾರ ಯಾಕೆ?”

ಅವಳ ಅಂಗೈಯಲ್ಲಿ, ತುತ್ತಿಗೆ ಮೊದಲು ಕುಡಿಯುವ ಆಪೋಶನದ ನೀರಿತ್ತು. ಆ ನೀರು ಹಿಡಿದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದು ಅಲ್ಲಿಯ ರೂಢಿ. ಗೊತ್ತಿದ್ದೂ ಅಂದಳು:

“ಗುರುಗಳ ಮುಂದೆ ವಾದ ಆಗಲಿ. ಸೋತವರು ಆಶ್ರಮ ಬಿಟ್ಟು ಹೋಗಬೇಕು.”

ಮೇಷ್ಟ್ರ ಮುಖ ಬಿಳುಚಿಕೊಂಡಿತು. ಆದರೂ ಅವರೂ ಅಂಗೈಗೆ ನೀರು ಹಾಕಿಕೊಂಡರು. “ಆಗಲಿ.”

ಅವತ್ತು ಸಾರು ಬಡಿಸುವವರು ಒಂದೇ ಎಲೆಗೆ ಎರಡು ಸಲ ಬಡಿಸಿದರು.

ನಿರಂಜನಯ್ಯನವರು ಇಬ್ಬರ ಮಾತನ್ನೂ ಕೇಳಿಸಿಕೊಂಡರು. ವಾದ ಬೇಡ ಎನ್ನಲಿಲ್ಲ.

“ನಮ್ಮಲ್ಲಿ ವಾದಕ್ಕೆ ಒಂದು ಕ್ರಮ ಇದೆ,” ಎಂದರು. “ಎದುರಾಳಿಯ ಮಾತನ್ನು ಖಂಡಿಸುವ ಮೊದಲು ಅದನ್ನು ನೀವೇ ಹೇಳಬೇಕು. ಎಷ್ಟು ಚೆನ್ನಾಗಿ ಅಂದರೆ, ‘ಹೌದು, ನಾನು ಹೇಳೋದೂ ಇದನ್ನೇ’ ಅಂತ ಅವರು ಒಪ್ಪಬೇಕು. ಅದು ಪೂರ್ವಪಕ್ಷ. ಅದಾಗದೆ ಖಂಡನೆ ಇಲ್ಲ, ಗೆಲುವಿಲ್ಲ, ಸೋಲಿಲ್ಲ. ಶುರು ಮಾಡಿ ತಾಯಿ.”

“ಅದೇನು ಕಷ್ಟ,” ಎಂದಳು ಪಂಕಜಾಕ್ಷಿ. “ಮೇಷ್ಟ್ರ ವಾದ ಇಷ್ಟೇ. ಸಿನಿಮಾ ಅಂದರೆ ಪಾಠ. ಮಧ್ಯಂತರದಲ್ಲಿ ಕಡಲೆಕಾಯಿ ಬದಲು ಪ್ರಶ್ನೆಪತ್ರಿಕೆ ಹಂಚಬೇಕು.”

“ನಾನು ಹಾಗೆ ಹೇಳಲೇ ಇಲ್ಲ!” ಮೇಷ್ಟ್ರು ಚಾಪೆಯಿಂದ ಅರ್ಧ ಎದ್ದರು. “ಈಗ ಈಯಮ್ಮನ ವಾದ ಕೇಳಿ. ಭೂಮಿಯೇ ಸುಟ್ಟು ಬೂದಿಯಾಗಲಿ, ಹರಕು ಮಾತ್ರ ಎಡಗೈಯಲ್ಲೇ ಇರಬೇಕು!”

“ಎಲಾ ಇವರ!”

“ಇವರೂ ಒಪ್ಪಲಿಲ್ಲ, ಅವರೂ ಒಪ್ಪಲಿಲ್ಲ,” ಎಂದರು ಗುರುಗಳು. “ನಾಳೆ ಬನ್ನಿ.”

ನಾಳೆಯೂ ಅದೇ ಆಯಿತು. ನಾಡಿದ್ದೂ ಅದೇ.

ಅದರ ಮರುದಿನ ಬೆಳಿಗ್ಗೆ ಪಂಕಜಾಕ್ಷಿ ನದಿಯ ಮೆಟ್ಟಿಲ ಮೇಲೆ ಸೀರೆ ಒಗೆಯುತ್ತಿದ್ದಳು. ಒಗೆಯುವುದಲ್ಲ, ಬಡಿಯುತ್ತಿದ್ದಳು. ನಾಲ್ಕು ಮೆಟ್ಟಿಲು ಕೆಳಗೆ ಮೇಷ್ಟ್ರು ಪಂಚೆ ಹಿಂಡುತ್ತಿದ್ದರು.

“ಅಲ್ಲ, ಒಂದು ಸದ್ದಿಗೆ ಇಷ್ಟು ಸಂಕಟ ಯಾಕೆ ನಿಮಗೆ?” ಎಂದು ಅವಳು ರೇಗಿದಳು. “ಬಿಡಿಸಿ ಹೇಳಿದರೆ ತಾನೇ ನಾನು ಪೂರ್ವಪಕ್ಷ ಮಾಡೋದು!”

ಮೇಷ್ಟ್ರು ಪಂಚೆಯನ್ನು ಮತ್ತೆ ನೀರಿಗೆ ಬಿಟ್ಟರು.

“ನಮ್ಮ ಸ್ಕೂಲಲ್ಲಿ ಒಂದು ಗಾಜಿನ ಜಾಡಿ ಇತ್ತು. ಒಳಗೆ ಗಂಟೆ. ಪಂಪಿನಿಂದ ಗಾಳಿ ಎಳೆದರೆ ಗಂಟೆ ಸದ್ದು ನಿಲ್ಲಬೇಕು. ನಮ್ಮ ಪಂಪು ಸವೆದುಹೋಗಿತ್ತು, ಸದ್ದು ನಿಲ್ಲುತ್ತಲೇ ಇರಲಿಲ್ಲ. ‘ಕೇಳಿಸಲಿಲ್ಲ ಅಂತ ಬರೆದುಕೊಳ್ಳಿ’ ಅಂತಿದ್ದೆ. ಎಲ್ಲರೂ ಬರೀತಿದ್ದರು. ಒಂದು ವರ್ಷ ಒಬ್ಬಳು ಹುಡುಗಿ ಎದ್ದು ನಿಂತು, ‘ಸಾರ್, ಕೇಳಿಸ್ತಿದೆ’ ಅಂದಳು.”

“ಆಮೇಲೆ?”

“ಹೊರಗೆ ನಿಲ್ಲಿಸಿದೆ.”

ನೀರಿನಲ್ಲಿ ಪಂಚೆ ಬಿಚ್ಚಿಕೊಳ್ಳುತ್ತಿತ್ತು. ಪಂಕಜಾಕ್ಷಿ ಇಳಿದು ಅದರ ತುದಿ ಹಿಡಿದುಕೊಂಡಳು.

“ಅವಳಿಗೆ ನಿಜ ತೋರಿಸಲಿಲ್ಲ ನಾನು. ಅಷ್ಟು ದುಡ್ಡು, ಅಷ್ಟು ದೊಡ್ಡ ಪರದೆ ಇಟ್ಟುಕೊಂಡವರು ತೋರಿಸಬಹುದಿತ್ತು. ಒಂದೇ ಒಂದು ನಿಮಿಷ ನಿಶ್ಶಬ್ದ. ಅದೂ ಆಗಲಿಲ್ಲ ಅವರ ಕೈಲಿ. ಇರಲಿ, ನಿಮ್ಮದೇನು?”

ಅವಳು ಹೇಳಬಾರದು ಎಂದುಕೊಂಡಳು. ಆದರೂ ಹೇಳಿದಳು.

“ತಪ್ಪು ಕಂಡಾಗಲೆಲ್ಲ ಓಡಿಹೋಗಿ ನಿರ್ದೇಶಕರಿಗೆ ಹೇಳ್ತಿದ್ದೆ. ‘ಬಿಡಮ್ಮ, ಯಾರು ನೋಡ್ತಾರೆ’ ಅನ್ನೋರು. ಮೂವತ್ತು ವರ್ಷ, ಎಲ್ಲಾ ಊರಲ್ಲೂ, ಎಲ್ಲಾ ಭಾಷೆಯಲ್ಲೂ ಅದೇ ಮಾತು. ನಾನು ಎದುರಿಗೇ ನಿಂತಿರ್ತಿದ್ದೆ ಮೇಷ್ಟ್ರೇ. ನೋಡಿದವಳು ನಾನು. ನಾನು ಯಾರೂ ಅಲ್ಲವಾ?”

ಆ ಮಧ್ಯಾಹ್ನ ಇಬ್ಬರೂ ಗುರುಗಳ ಮುಂದೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಹೇಳಿದರು. ಜಾಡಿಯ ಹುಡುಗಿಯ ವಿಷಯ ಬಂದಾಗ ಪಂಕಜಾಕ್ಷಿ ‘ಸಾರ್, ಕೇಳಿಸ್ತಿದೆ’ ಅನ್ನುವುದನ್ನು ಎರಡು ಸಲ ಹೇಳಿದಳು. “ಹೌದು, ನಾನು ಹೇಳೋದೂ ಇದನ್ನೇ,” ಎಂದರು ಮೇಷ್ಟ್ರು. ಅವರ ಸರದಿ ಮುಗಿದ ಮೇಲೆ ಅವಳೂ ಅದನ್ನೇ ಅಂದಳು.

“ಸರಿ. ಇನ್ನು ಖಂಡಿಸಿ,” ಎಂದರು ನಿರಂಜನಯ್ಯನವರು.

ಪಂಕಜಾಕ್ಷಿ ಸೆರಗು ಸರಿಮಾಡಿಕೊಂಡಳು. ಮೇಷ್ಟ್ರು ಚಾಪೆಯ ಎಳೆ ಕೀಳತೊಡಗಿದರು.

“ಖಂಡಿಸಲೇಬೇಕು. ಕೈಯಲ್ಲಿ ನೀರು ಹಿಡಿದು ಮಾತು ಕೊಟ್ಟಿದ್ದೀರಿ. ಒಬ್ಬರು ಹೋಗಬೇಕಲ್ಲ.”

ಪಂಕಜಾಕ್ಷಿಗೆ ಸಿಟ್ಟು ನೆತ್ತಿಗೇರಿತು. “ನಾವು ಯಾಕೆ ಹೋಗಬೇಕು ಗುರುಗಳೇ? ಕೆಡಿಸಿದವನು ಆ ನಿರ್ದೇಶಕ! ಎಡಗೈ ಬಲಗೈ ತಿಳಿಯದವನು ಅವನು, ಗಾಳಿ ಇಲ್ಲದ ಕಡೆ ಡೋಲು ಬಾರಿಸಿದವನು ಅವನು. ಮನೆ ಬಿಡಬೇಕಾದವರು ಮಾತ್ರ ನಾವಾ? ಸೋತವನು ಅವನು!”

“ನೂರಕ್ಕೆ ನೂರು ಸರಿ,” ಎಂದರು ಮೇಷ್ಟ್ರು, ವಾರದಲ್ಲಿ ಮೊದಲ ಸಲ.

“ಹೌದಲ್ಲ,” ಎಂದರು ಗುರುಗಳು. “ಹಾಗಾದರೆ ಎದುರಾಳಿ ಅವನು. ಅವನ ಪೂರ್ವಪಕ್ಷ ಯಾರು ಹೇಳ್ತೀರಿ?”

“ಅವನಿಗೂ ಪೂರ್ವಪಕ್ಷವಾ?”

“ಕೋರ್ಟಿನಲ್ಲಿ ಕಳ್ಳನಿಗೂ ಒಬ್ಬ ವಕೀಲ ಇರ್ತಾನೆ ತಾಯಿ.”

ಅವಳು ಹಲ್ಲು ಕಚ್ಚಿ ಶುರು ಮಾಡಿದಳು. “ಅವನ ವಾದ: ನಾನು ಸೋಮಾರಿ, ನೋಡುವವರು ದಡ್ಡರು...”

“ಇದಕ್ಕೆ ಅವನು ಹೌದು ಅಂತಾನಾ?”

“ಇಲ್ಲ,” ಎಂದಳು.

“ಇರಲಿ, ಸುಲಭದ್ದು ಕೇಳ್ತೀನಿ. ಆ ಹೆಂಗಸು ಕೈಗವಸು ಹರಿದುಕೊಂಡಳಲ್ಲ, ಯಾಕೆ?”

ಪಂಕಜಾಕ್ಷಿ ಬಾಯಿ ತೆರೆದಳು. ಹರಕು ಎಷ್ಟು ಉದ್ದ ಎಂಬುದು ಅವಳಿಗೆ ಗೊತ್ತಿತ್ತು. ಅಂಚಿನಲ್ಲಿ ಕಾಣುತ್ತಿದ್ದ ದಾರ ಕೆಂಪು ಎಂಬುದು ಗೊತ್ತಿತ್ತು. ಆಮೇಲೆ ಹಳೇ ಅಭ್ಯಾಸದಂತೆ ತಲೆ ಬಗ್ಗಿಸಿ ಅದನ್ನು ಬರೆದುಕೊಂಡದ್ದು ನೆನಪಿತ್ತು. ಮತ್ತೆ ತಲೆ ಎತ್ತಿದಾಗ ಆ ಹೆಂಗಸು ಬಾಗಿಲು ದಾಟುತ್ತಿದ್ದಳು.

ಅವಳು ಮೇಷ್ಟ್ರ ಕಡೆ ತಿರುಗಿದಳು.

“ನಾನು ಆಗ ನೌಕೆಯ ವೇಗ ಲೆಕ್ಕ ಹಾಕ್ತಿದ್ದೆ,” ಎಂದರು ಅವರು, ನೆಲ ನೋಡುತ್ತ.

ಹೊರಗೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆ ಕಿರುಗುಟ್ಟುತ್ತಿತ್ತು.

ಅಷ್ಟು ದಿನ ಕಾಯ್ದುಕೊಂಡ ಸಿಟ್ಟು ಎದೆಯಲ್ಲೇ ಇತ್ತು. ಯಾರ ಮೇಲೆ ಎಸೆಯಬೇಕು ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಆಯಿತು ಗುರುಗಳೇ. ನಾನೇ ಸೋತೆ. ಮೇಷ್ಟ್ರು ಇರಲಿ, ಸಂಜೆ ಬಸ್ಸಿಗೆ ನಾನು ಹೊರಡ್ತೀನಿ.”

“ಛೆ, ಹಾಗೆಲ್ಲ ಅನ್ನಬೇಡಿ ಪಂಕಜಮ್ಮ, ನಾನು ಹೋಗ್ತೀನಿ,” ಎಂದು ಮೇಷ್ಟ್ರೂ ಎದ್ದರು.

ನಿರಂಜನಯ್ಯನವರು ಇಬ್ಬರ ಚಾಪೆಗಳನ್ನೂ ಕೈಯಿಂದ ತಟ್ಟಿ ತೋರಿಸಿದರು.

“ಅವನ ಪೂರ್ವಪಕ್ಷವೇ ಆಗಿಲ್ಲ, ಸೋಲು ಎಲ್ಲಿಂದ ಬಂತು? ಸೋಲುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ಬರುವವರೆಗೂ ಇಬ್ಬರೂ ಇಲ್ಲೇ ಇರಿ.”