ದೇವೀರಮ್ಮನ ಬರೀ ಪಾತಿ

ಯಾವ ಕಾಲ, ಯಾವ ಇಸವಿ ಅಂತ ನನ್ನನ್ನು ಕೇಳಬೇಡಿ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು, ಅವರಿಗೆ ಯಾರು ಹೇಳಿದರೋ ಶಿವನಿಗೇ ಗೊತ್ತು. ಬಹಳ ಹಿಂದೆ, ಬೋರೆಪಾಳ್ಯ ಅನ್ನೋ ಒಂದೂರಲ್ಲಿ ದೇವೀರಮ್ಮ ಅಂತ ಒಬ್ಬಳಿದ್ದಳಂತೆ. ಹೊಲಗದ್ದೆ ಅಷ್ಟಕ್ಕಷ್ಟೇ. ಮನೆ ಹಿಂದಿನ ಹಿತ್ತಲು ಮಾತ್ರ, ಅಬ್ಬಾ, ಕಣ್ತುಂಬ ನೋಡಬೇಕಿತ್ತಂತೆ. ಹೀರೆ, ಪಡವಲ, ಚಪ್ಪರದವರೆ, ಕನಕಾಂಬರ, ದುಂಡುಮಲ್ಲಿಗೆ, ಏನುಂಟು ಏನಿಲ್ಲ. ಅವಳ ಕೈಗುಣ ಅಂಥದ್ದು. ಬಟ್ಟೆ ಒಣಗಹಾಕೋಕೆ ನೆಟ್ಟ ಗೂಟ ಚಿಗುರಿ, ನುಗ್ಗೆಮರವಾಗಿ, ಊರಿಗೆಲ್ಲ ಕಾಯಿ ಕೊಟ್ಟಿತಂತೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ನಾನು ಅರ್ಧ ನಂಬ್ತೀನಿ.

ಯುಗಾದಿ ಕಳೆದು ಹೊಂಗೆ ಮರ ಚಿಗುರಿತು ಅಂದರೆ ಅವಳ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲವಂತೆ. ತಂಪು ಹೊತ್ತಿಗೇ ಪಾತಿಗಳಿಗೆ ನೀರು ಹಾಕಿ, ಬಿದಿರು ಬುಟ್ಟಿಯಲ್ಲಿ ಬೀಜ, ಸಸಿ ತುಂಬಿಕೊಂಡು ಹೊರಟುಬಿಡೋಳು. ಇವತ್ತು ಈ ಊರಿನ ಗೆಳತಿ, ನಾಳೆ ಆ ಊರಿನ ಗೆಳತಿ. ಹೋದಲ್ಲಿ ಜಗಲಿ ಮೇಲೆ ಕೂತು ಪಾನಕ ಕುಡಿಯೋದು, ಹಿತ್ತಲು ಸುತ್ತೋದು, ಇದನ್ನ ಇಲ್ಲಿ ನೆಡು, ಅದನ್ನ ಕಿತ್ತು ಬಿಸಾಡು ಅಂತ ಗದರೋದು, ಬಿಸಿಲು ಇಳಿದ ಮೇಲೆ ನಡೆದು ವಾಪಸ್ ಬರೋದು. ಬುಟ್ಟಿಯನ್ನ ಅಲ್ಲೇ ಬಿಟ್ಟು ಬರೋಳು. ಆಮೇಲೆ ಆ ಮನೆಯವರು ಬೆಲ್ಲವನ್ನೋ ಹೆಸರುಕಾಳನ್ನೋ ಹಾಕಿ ಯಾರ ಕೈಲಾದರೂ ಕಳಿಸೋರು. ಖಾಲಿ ಬುಟ್ಟಿ ಮಾತ್ರ ಕಳಿಸಬಾರದು. ಕಳಿಸಿದರೆ, ನೀನಿನ್ನು ನಮ್ಮ ಮನೆಗೆ ಬರಬೇಡ ಅಂದ ಹಾಗೆ. ಆ ಸೀಮೆಗೆಲ್ಲ ಅದೇ ರೂಢಿ.

ಇನ್ನೊಂದು ವಿಷಯ. ದೇವೀರಮ್ಮ ಬೀಜ ಕೊಟ್ಟವಳೇ ಹೊರತು ಯಾರ ಹತ್ತಿರವೂ ಬೀಜ ಕೇಳಿದವಳಲ್ಲ. ಅದೊಂದು ಬಿಂಕ ಇತ್ತು ಅವಳಿಗೆ. ಕೈಗುಣ ಇದ್ದವರಿಗೆ ಸ್ವಲ್ಪ ಇರುತ್ತೆ ಬಿಡಿ.

ಹಳ್ಳದ ಆಚೆ ತುಂಬೆಕೊಪ್ಪಲು. ಅಲ್ಲಿ ಮುದ್ದಮ್ಮ ಅಂತ ಅವಳ ಜೀವದ ಗೆಳತಿ. ಮುದ್ದಮ್ಮನಿಗೆ ಮಂಡಿ ನೋವು, ಹಳ್ಳ ದಾಟೋಕೆ ಆಗದು. ಹಾಗಾಗಿ ಹೋಗೋದೆಲ್ಲ ದೇವೀರಮ್ಮನೇ. ಮುದ್ದಮ್ಮನ ಹಿತ್ತಲಲ್ಲಿ ಹಾಲುಸೋರೆ ಅಂತ ಒಂದು ಬಳ್ಳಿ ಇತ್ತಂತೆ. ತವರಿಂದ ತಂದದ್ದು, ಸುತ್ತ ಹತ್ತು ಹಳ್ಳಿಯಲ್ಲಿ ಇನ್ನೆಲ್ಲೂ ಇಲ್ಲ. ಕಾಯಿ ಹಾಲಿನಷ್ಟು ಬೆಳ್ಳಗೆ, ಬೇಯಿಸಿದರೆ ಬೆಣ್ಣೆ. ದೇವೀರಮ್ಮ ಅದರ ಮೇಲೆ ಆಸೆಪಟ್ಟು ಎಷ್ಟೋ ವರ್ಷ ಬಾಯಿ ಬಿಡಲಿಲ್ಲವಂತೆ. ಒಂದು ಚೈತ್ರದಲ್ಲಿ ಮಾತ್ರ ತಡೆಯಲಾರದೆ, ಹೊರಡೋ ಹೊತ್ತಿಗೆ ಸೆರಗು ಸರಿಮಾಡಿಕೊಳ್ತಾ, ನನಗೂ ನಾಕು ಬೀಜ ಕೊಡೇ ಅಂತ ಕೇಳಿಬಿಟ್ಟಳು. ಮುದ್ದಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಕ್ಕು, ನೋಡೋಣ ಹೋಗೇ ಅಂದಳಂತೆ.

ಎಂಟು ದಿನಕ್ಕೆ ಬಳೆಗಾರ ಬಸವಯ್ಯನ ಕೈಲಿ ಬುಟ್ಟಿ ಬಂತು. "ಬುಟ್ಟಿ ಸಾರಿಸಿ ಕಳಿಸಿದೀನಿ ಅಂತ ಹೇಳು ಅಂದರು ಕಣವ್ವ" ಅಂದನಂತೆ ಅವನು. ದೇವೀರಮ್ಮ ಬಗ್ಗಿ ನೋಡಿದಳು. ಒಳಗೆ ಹೊಸದಾಗಿ ಸಗಣಿ ಸಾರಿಸಿ ಒಣಗಿಸಿತ್ತು. ಅಷ್ಟೇ. ಬೀಜ ಇಲ್ಲ, ಚೂರು ಬೆಲ್ಲವೂ ಇಲ್ಲ. ಬೋರೆಪಾಳ್ಯದಲ್ಲಿ ಸಾರಿಸೋದು ಅಂದರೆ ಊಟ ಮುಗಿದು ಎಲೆ ಎತ್ತಿದ ಮೇಲೆ ಮಾಡೋ ಕೆಲಸ. ಮುಗೀತು, ಏಳಿ ಅಂತ ಅರ್ಥ. ಜನ್ಮದಲ್ಲಿ ಮೊದಲ ಸಲ ಒಬ್ಬರ ಮುಂದೆ ಕೈ ಚಾಚಿದ್ದಳು ಪಾಪ, ಅವಮಾನಕ್ಕೆ ಅವಳ ಕಿವಿ ಬಿಸಿಯಾಯಿತಂತೆ. ಬುಟ್ಟಿಯನ್ನ ಅಟ್ಟಕ್ಕೆ ಎಸೆದಳು.

ಮರುವರ್ಷ ಹೊಂಗೆ ಚಿಗುರಿತು. ದೇವೀರಮ್ಮ ಎಲ್ಲ ಊರಿಗೂ ಹೋದಳು, ತುಂಬೆಕೊಪ್ಪಲಿಗೆ ಹೋಗಲಿಲ್ಲ. ಹಳ್ಳದ ಆಚೆಯ ಬೇರೆ ಊರುಗಳಿಗೆ ಹೋಗೋ ದಾರಿಗೇ ಮುದ್ದಮ್ಮನ ಜಗಲಿ ಇತ್ತು. ಅದು ಕಣ್ಣಿಗೆ ಬೀಳಬಾರದು ಅಂತ ಕೆರೆ ಏರಿ ಸುತ್ತಿ ಒಂದು ಹರದಾರಿ ಹೆಚ್ಚಿಗೆ ನಡೆದಳಂತೆ. ಅತ್ತ ಮುದ್ದಮ್ಮ ದಿನಾ ಪಾನಕ ಮಾಡಿಟ್ಟುಕೊಂಡು ಕಾಯೋಳು, ಸಂಜೆ ದಾರಿಹೋಕರಿಗೆ ಕೊಡೋಳು. ಆ ವರ್ಷ ಅವಳ ಬಳ್ಳಿಯನ್ನ ಮೇಕೆ ನುಗ್ಗಿ ಬುಡಸಮೇತ ತಿಂದುಹಾಕಿತ್ತು. ಹೋದರೆ ಹೋಗಲಿ, ದೇವೀರಿ ಹಿತ್ತಲಲ್ಲಿ ಇದೆಯಲ್ಲ, ಅವಳ ಕೈಯಲ್ಲಿ ಬೀಜ ಸಾಯೋದುಂಟಾ ಅಂತ ಸಮಾಧಾನ ಮಾಡಿಕೊಂಡಳಂತೆ. ಅದರ ಮುಂದಿನ ಚೈತ್ರಕ್ಕೂ ಗೆಳತಿಯ ಸುಳಿವಿಲ್ಲ. ಬಳೆಗಾರನನ್ನ ಕರೆದು, ಬುಟ್ಟಿ ಏನಾಯ್ತು ಕೇಳಿಕೊಂಡು ಬಾರಪ್ಪ ಅಂತ ಕಳಿಸಿದಳು.

ಅವಳು ಕೇಳಿದ್ದು ಬೀಜದ ಸುದ್ದಿ. ದೇವೀರಮ್ಮನಿಗೆ ಕೇಳಿಸಿದ್ದೇ ಬೇರೆ. ಖಾಲಿ ಬುಟ್ಟಿ ಕಳಿಸಿದ್ದೂ ಅಲ್ಲದೆ ಈಗ ಬುಟ್ಟಿಯನ್ನೂ ಕೇಳ್ತಾಳಾ ಅಂತ ಉರಿದುಬಿದ್ದಳು. ಅಟ್ಟದಿಂದ ಬುಟ್ಟಿ ಇಳಿಸಿ, ಹೇಗಿತ್ತೋ ಹಾಗೇ, ಒಳಗೊಂದು ಎಲೆಯನ್ನೂ ಹಾಕದೆ, ಬಸವಯ್ಯನ ಕೈಗೆ ಕೊಟ್ಟಳಂತೆ. ಏನು ಹೇಳಲಿ ತಾಯಿ ಅಂದದ್ದಕ್ಕೆ, ಏನೂ ಹೇಳಬೇಡ ಅಂದಳಂತೆ.

ಮೂರನೇ ಚೈತ್ರದಲ್ಲಿ ಮುದ್ದಮ್ಮ ತೀರಿಕೊಂಡ ಸುದ್ದಿ ಬಂತು. ಆಗ ಹೋದಳು ನೋಡಿ. ಕೆರೆ ಏರಿ ಸುತ್ತಲಿಲ್ಲ, ನೇರ ಹಳ್ಳ ದಾಟಿ ಓಡಿದಳಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮುದ್ದಮ್ಮನ ಸೊಸೆ ಅವಳನ್ನ ನಡುಮನೆಗೆ ಕರೆದು ಕೂರಿಸಿದಳು. ಅಷ್ಟು ವರ್ಷ ಬಂದರೂ ದೇವೀರಮ್ಮ ಜಗಲಿ, ಹಿತ್ತಲು ಬಿಟ್ಟು ಆ ಮನೆಯ ಒಳಗೋಡೆ ನೋಡಿದವಳಲ್ಲ. ನೋಡಿದರೆ ಗೋಡೆ ತುಂಬ ಸಗಣಿಯ ಬಿಲ್ಲೆಗಳು. ಇದೇನವ್ವ ಅಂತ ಕೇಳಿದಳು. ಅವರೆ, ಹೀರೆ, ಕುಂಬಳ, ಎಲ್ಲ ಬೀಜ ಅಮ್ಮಾ, ಹುಳ ಹಿಡಿಯದಿರಲಿ ಅಂತ ನಮ್ಮೂರಲ್ಲಿ ಸಗಣಿಯಲ್ಲಿ ಸಾರಿಸಿ ಇಡ್ತೀವಿ, ನಿಮ್ಮೂರಲ್ಲಿ ಇಲ್ವಾ ಅಂದಳು ಸೊಸೆ. ಬೋರೆಪಾಳ್ಯದಲ್ಲಿ ಬೀಜ ಇಡೋದು ಬೂದಿಯಲ್ಲಿ.

ದೇವೀರಮ್ಮ ದಡಬಡಿಸಿ ಎದ್ದಳು. ಆ ಬುಟ್ಟಿ ಎಲ್ಲಿ ಅಂದಳು. ಮೊಳೆಗೆ ನೇತುಹಾಕಿದ್ದನ್ನ ಸೊಸೆ ಇಳಿಸಿ ಕೊಟ್ಟಳು. ಹೆಬ್ಬೆರಳಿನಿಂದ ಒತ್ತಿದರೆ ಸಗಣಿ ಬಿರುಕುಬಿಟ್ಟು ಒಂದೊಂದೇ ಬೀಜ ಉದುರಿತಂತೆ. ನಾಕು ಕೇಳಿದ್ದಳು, ನಲವತ್ತಿತ್ತು. ಇದ್ದಬದ್ದ ಹಾಲುಸೋರೆ ಬೀಜವನ್ನೆಲ್ಲ ಮುದ್ದಮ್ಮ ಆ ಬುಟ್ಟಿಗೇ ಬಳಿದಿದ್ದಳು. ಸೀಮೆಯ ಬೀಜವನ್ನೆಲ್ಲ ಕಣ್ಣುಮುಚ್ಚಿ ಗುರುತು ಹಿಡಿಯೋ ದೇವೀರಮ್ಮ, ತನ್ನ ಅಟ್ಟದ ಮೇಲಿದ್ದದ್ದನ್ನ ನೋಡಲಿಲ್ಲ.

ಬುಟ್ಟಿ ವಾಪಸ್ ಬಂದಾಗ ಮುದ್ದಮ್ಮನೇ ಯಾಕೆ ಈ ಬೀಜ ನೆಡಲಿಲ್ಲ ಅಂತ ದೇವೀರಮ್ಮ ಕೇಳಿದಳಂತೆ. ಕೊಟ್ಟ ಬೀಜ ಕೊಟ್ಟವರು ಮುಟ್ಟಬಾರದಲ್ಲ ಅಂದಳು ಸೊಸೆ.

"ಏನಾದರೂ ಅಂದಳಾ ನನ್ನ?"

"ನಿಮ್ಮನ್ನೇನೂ ಅನ್ನಲಿಲ್ಲ ಅಮ್ಮಾ. ನನ್ನ ಬೀಜ ಅವಳ ಹಿತ್ತಲಿಗೆ ಸಾಲಲಿಲ್ಲ ಅಂತ ಕಾಣುತ್ತೆ, ಅಂದರು ಅಷ್ಟೇ."

ದೇವೀರಮ್ಮ ಆ ಬೀಜ ಮಡಿಲಲ್ಲಿ ಕಟ್ಟಿಕೊಂಡು ಬಂದಳು. ಹಿತ್ತಲ ನಡುವೆ ಪಾತಿ ಮಾಡಿ, ಗೊಬ್ಬರ ಕೊಟ್ಟು, ನೆಟ್ಟು, ಬೆಳಿಗ್ಗೆ ಸಂಜೆ ನೀರು ಹಾಕಿದಳು. ಗೂಟ ಚಿಗುರಿಸಿದ ಕೈಯಲ್ಲಿ ಒಂದು ಬೀಜವೂ ಮೊಳೆಯಲಿಲ್ಲವಂತೆ. ಅಟ್ಟದ ಕಾವಿಗೆ ಬೀಜ ಬೆಂದಿತ್ತು ಅಂತ ಕೆಲವರು. ಮುನಿಸು ಬೀಜಕ್ಕೂ ತಗಲುತ್ತೆ ಅಂತ ಕೆಲವರು. ಅವಳು ಮಾತ್ರ ಆ ಪಾತಿಗೆ ಬೇರೇನನ್ನೂ ಹಾಕಲಿಲ್ಲ. ಬದುಕಿರೋವರೆಗೂ ಪ್ರತಿ ಚೈತ್ರ ಅದನ್ನ ಅಗೆದು, ಬರೀ ಮಣ್ಣಿಗೆ ನೀರು ಹಾಕಿದಳಂತೆ. ತಪ್ಪಾಯ್ತು ಕಣೇ ಅಂತ ಮಣ್ಣಿನ ಹತ್ತಿರ ಹೇಳೋಳಂತೆ. ಹಾಲುಸೋರೆ ಮತ್ತೆ ಈ ಸೀಮೆಯಲ್ಲಿ ಯಾರ ಬಾಯಿಗೂ ಸಿಗಲಿಲ್ಲ.

ಇವತ್ತಿಗೂ ನಮ್ಮ ಕಡೆ ಯುಗಾದಿ ಆದ ಮೇಲೆ ಹಿತ್ತಲಲ್ಲಿ ಒಂದು ಪಾತಿ ಬರಿದೇ ಬಿಡ್ತಾರೆ. ಅದಕ್ಕೆ ಮೊದಲ ಚೆಂಬು ನೀರು ನಮ್ಮನೆ ಬಾವಿಯದಾಗಬಾರದು. ಯಾರ ಮನೆಗೆ ಹೋಗೋದು ಬಿಟ್ಟಿದೀವೋ ಆ ಮನೆಗೇ ನಡೆದು ಹೋಗಿ, ಬಾಯಿ ಬಿಟ್ಟು ಕೇಳಿ ತರಬೇಕು. ಸುಲಭ ಅಂದುಕೊಂಡಿರಾ? ನಾನು ಏಳು ವರ್ಷ ಬರೋ ವರ್ಷ, ಬರೋ ವರ್ಷ ಅಂದೆ. ಈ ಸಲ ಚೆಂಬು ಹಿಡಿದು, ಮಾತು ಬಿಟ್ಟಿದ್ದ ನನ್ನ ಗೆಳತಿ ಮನೆಗೆ ಹೋದೆ. ಅವಳ ಮೊಮ್ಮಗಳು ಬಂದು ನೀರು ಕೊಟ್ಟು, ನೀವು ಯಾರು ಅಜ್ಜಿ ಅಂತ ಕೇಳಿದಳು.